ಫಿರಂಗಿ ಕತ್ತಿ: ನಮ್ಮ ಕರಾವಳಿಯ ಹಳೆಯ ಆಯುಧದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲಾ ಬಳಿಯ ನಮ್ಮ ಅಜ್ಜಿಯ ಮನೆಯ ದೇವರ ಕೋಣೆಯಲ್ಲಿ ಉದ್ದನೆಯ ನೇರ ಕತ್ತಿಯೊಂದು ಇತ್ತು. ಮಹಾನವಮಿಯ ದಿನ ಮಾತ್ರ ಅದು ಅಟ್ಟದಿಂದ ಇಳಿಯುತ್ತಿತ್ತು. ಹಿಡಿಕೆಯ ಸಮೀಪ, ಅಲಗಿನ ಎರಡೂ ಮಗ್ಗುಲಲ್ಲಿ, ಹಲ್ಲು ಹಲ್ಲಾದ ಅರ್ಧಚಂದ್ರದ ಗುರುತಿತ್ತು. ಹೆಸರು ಕೇಳಿದರೆ ಅಜ್ಜಿ ‘ಫಿರಂಗಿ’ ಎನ್ನುತ್ತಿದ್ದಳು. ತೋಪಿಗಲ್ಲವೇ ಆ ಹೆಸರು ಎಂದು ನಾವು ಮಕ್ಕಳು ವಾದಿಸುತ್ತಿದ್ದೆವು. ಅಜ್ಜಿಯ ಮಾತು ಸರಿಯಾಗಿತ್ತು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಈ ಕತ್ತಿಯ ಬಗ್ಗೆ ಮಾತು ತೆಗೆದಾಗಲೆಲ್ಲ ಕಾರವಾರ, ಕುಮಟಾ, ಶಿರಸಿ ಕಡೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಫಿರಂಗಿ ಎಂದರೆ ತೋಪು. ಕತ್ತಿಗೆ ಆ ಹೆಸರು ಹೇಗೆ ಬಂತು?

ಎರಡಕ್ಕೂ ಮೂಲ ಒಂದೇ. ಯುರೋಪಿನ ಫ್ರಾಂಕ್ ಜನರ ಹೆಸರು ಅರಬರ, ಪರ್ಷಿಯನ್ನರ ಬಾಯಲ್ಲಿ ‘ಫರಂಗ್’ ಆಯಿತು. ಆ ಮಾತು ಕಡಲ ದಾರಿ ಹಿಡಿದು ನಮ್ಮ ತೀರಕ್ಕೆ ಬರುವ ಹೊತ್ತಿಗೆ ಪಶ್ಚಿಮದಿಂದ ಬಂದ ಬಿಳಿಯರೆಲ್ಲರೂ, ಅದರಲ್ಲೂ ಪೋರ್ಚುಗೀಸರು, ಫಿರಂಗಿಗಳಾದರು, ಪರಂಗಿಗಳಾದರು. ಅವರ ಜೊತೆ ಬಂದದ್ದಕ್ಕೆಲ್ಲ ಆ ಹೆಸರು ಅಂಟಿಕೊಂಡಿತು. ತೋಪು ಫಿರಂಗಿಯಾಯಿತು. ಮೈಸೂರು ಸೀಮೆಯಲ್ಲಿ ಪಪ್ಪಾಯಿ ಪರಂಗಿ ಹಣ್ಣಾಯಿತು. 16ನೆಯ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲಿ ಆಗಷ್ಟೇ ಬಂದಿದ್ದ ಕಾಯಿಲೆಯೊಂದು ಫಿರಂಗರೋಗವಾಯಿತು. ಕತ್ತಿಯದೂ ಇದೇ ಕಥೆ. ಕನ್ನಡದಲ್ಲಿ ತೋಪಿನ ಅರ್ಥ ಗಟ್ಟಿಯಾಗಿ ನಿಂತು ಕತ್ತಿಯ ಅರ್ಥ ಹಿಂದೆ ಸರಿಯಿತು. ಮರಾಠಿಯಲ್ಲಿ ‘ಫಿರಂಗ’ ಎಂದರೆ ಉದ್ದನೆಯ ನೇರ ಕತ್ತಿ. ಕನ್ನಡ, ಕೊಂಕಣಿ, ಮರಾಠಿ ಮೂರೂ ಕಿವಿಗೆ ಬೀಳುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಹಳೆಯ ಅರ್ಥ ಕೆಲವು ಮನೆಗಳಲ್ಲಿ ಉಳಿದುಕೊಂಡದ್ದು ಸಹಜವೇ.

ನೋಡಲು ಅದು ಹೇಗಿರುತ್ತದೆ?

ಅಲಗು ನೇರ. ಉದ್ದ ಸಾಮಾನ್ಯವಾಗಿ 90 ಸೆಂಟಿಮೀಟರಿನ ಆಸುಪಾಸು. ಕೆಲವಕ್ಕೆ ಒಂದೇ ಬಾಯಿ, ಅಂದರೆ ಒಂದೇ ಕಡೆ ಹರಿತ, ಕೆಲವಕ್ಕೆ ಎರಡು. ಉದ್ದಕ್ಕೂ ಒಂದು, ಎರಡು ಅಥವಾ ಮೂರು ತೋಡುಗಳಿರುತ್ತವೆ. ತುದಿ ಚೂಪು. ಹಾಗಾಗಿ ಕಡಿಯಲೂ ಬರುತ್ತದೆ, ತಿವಿಯಲೂ ಬರುತ್ತದೆ.

ಹಿಡಿಕೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕೈಯ ಮುಂದೆ ಅಗಲವಾದ ಕಬ್ಬಿಣದ ತಗಡು ರಕ್ಷಣೆಗೆ ನಿಲ್ಲುತ್ತದೆ. ಅದರಿಂದ ಹೊರಟ ಪಟ್ಟಿ ಬೆರಳುಗಳ ಮೇಲೆ ಬಾಗಿ, ಹಿಂಬದಿಯ ದುಂಡು ಬಿಲ್ಲೆಯನ್ನು ಸೇರುತ್ತದೆ. ಒಳಗೆ ಕೈಗೆ ಒತ್ತದಂತೆ ಬಟ್ಟೆಯ ಮೆತ್ತೆ ಹೊಲಿದಿರುತ್ತಾರೆ. ಬಿಲ್ಲೆಯ ಹಿಂದೆ ಗೇಣಿಗಿಂತ ಚಿಕ್ಕದಾದ, ತುಸು ಬಾಗಿದ ಕೊಂಬಿನಂಥ ಮೊಳೆ ಇರುತ್ತದೆ. ಅದನ್ನು ಅಲಂಕಾರ ಎಂದುಕೊಳ್ಳುವವರೇ ಹೆಚ್ಚು. ಎರಡೂ ಕೈ ಹಾಕಿ ಬೀಸಬೇಕಾದಾಗ ಎಡಗೈಗೆ ಹಿಡಿತ ಸಿಗುವುದು ಅಲ್ಲಿಯೇ. ಕತ್ತಿ ಸೊಂಟದ ಒರೆಯಲ್ಲಿರುವಾಗ ಕೈ ಊರಿ ನಿಲ್ಲುವುದಕ್ಕೂ ಅದೇ ಆಸರೆ. ಹಿಡಿಕೆಯಿಂದ ಇಳಿದ ಎರಡು ಕಬ್ಬಿಣದ ನಾಲಗೆಗಳು ಅಲಗನ್ನು ಇಕ್ಕೆಲದಲ್ಲೂ ಅಪ್ಪಿಕೊಂಡು ಮೊಳೆಯಿಂದ ಬಿಗಿದಿರುತ್ತವೆ.

ಈ ಕೊನೆಯ ವಿವರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲಗು ಬೇರೆ ಕಡೆಯದು, ಹಿಡಿಕೆ ಬೇರೆ ಕಡೆಯದು ಎಂಬುದು ಕಣ್ಣಿಗೆ ಕಾಣುವುದು ಆ ಜೋಡಣೆಯ ಜಾಗದಲ್ಲಿ.

ಅಲಗು ಯುರೋಪಿನದು ಎಂದ ಮೇಲೆ ಇದನ್ನು ನಮ್ಮ ಕತ್ತಿ ಎನ್ನುವುದು ಹೇಗೆ?

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಊರಿನ ಆಚಾರಿಯ, ಅಂದರೆ ಕಮ್ಮಾರನ, ಸಾಲೆಯಲ್ಲಿ.

ತೋಟಕ್ಕೆ ಹೋಗುವಾಗ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿಯನ್ನು ಇವತ್ತು ನಮ್ಮ ಆಚಾರಿಗಳು ಯಾವುದರಿಂದ ಮಾಡುತ್ತಾರೆ? ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಆ ಉಕ್ಕು ಎಲ್ಲಿಯ ಕಾರ್ಖಾನೆಯದೋ, ಯಾವ ಊರಿನ ಲಾರಿಯದೋ. ಆದರೆ ಕುಲುಮೆಯಲ್ಲಿ ಕಾದು, ಬಡಿಸಿಕೊಂಡು, ಹದ ಪಡೆದು ಹೊರಬಂದಾಗ ಅದರ ಬಾಗು ನಮ್ಮ ಅಡಿಕೆ ತೋಟದ ಬಾಗು, ಹಿಡಿ ನಮ್ಮ ಕೈಯ ಅಳತೆಯ ಹಿಡಿ. ಅದನ್ನು ಯಾರೂ ಲಾರಿಯ ಕತ್ತಿ ಎನ್ನುವುದಿಲ್ಲ.

ಫಿರಂಗಿಯೂ ಹೀಗೆಯೇ ಹುಟ್ಟಿತು. ಜರ್ಮನಿಯ ಸೋಲಿಂಗೆನ್, ಇಟಲಿಯ ಜಿನೋವಾ, ಸ್ಪೇನಿನ ತೊಲೇದೊ ಮುಂತಾದ ಕಡೆಗಳಲ್ಲಿ ತಯಾರಾದ ಅಲಗುಗಳು ಹಡಗಿನಲ್ಲಿ ಬರುತ್ತಿದ್ದವು. ಅವುಗಳ ಮೂಲ ಹಿಡಿಕೆ ನಮ್ಮವರ ಕೈವರಸೆಗೆ ಒಗ್ಗುತ್ತಿರಲಿಲ್ಲ. ಯುರೋಪಿನ ಕತ್ತಿವರಸೆಯಲ್ಲಿ ಮಣಿಕಟ್ಟು ಮತ್ತು ಬೆರಳಿನ ಆಟ ಹೆಚ್ಚು. ನಮ್ಮದರಲ್ಲಿ ತೋಳು, ಭುಜ ಸೇರಿ ಬೀಸುವ ಹೊಡೆತವೇ ಮುಖ್ಯ. ಆದ್ದರಿಂದ ಇಲ್ಲಿಯ ಕಮ್ಮಾರರು ಖಂಡ ಎಂಬ ನಮ್ಮ ನೇರ ಕತ್ತಿಗೆ ಹಾಕುತ್ತಿದ್ದ ಹಿಡಿಕೆಯನ್ನೇ ಆ ಅಲಗಿಗೆ ಜೋಡಿಸಿದರು. ಹಾಗೆ ಜೋಡಿಸಿದ ಮೇಲೆ ಆ ಆಯುಧ ಯುರೋಪಿನಲ್ಲಿ ಎಲ್ಲಿಯೂ ಇಲ್ಲದ್ದಾಯಿತು. ಬೇಡಿಕೆ ಹೆಚ್ಚಿದಾಗ ನೇರ ಅಲಗನ್ನೂ ಇಲ್ಲಿಯೇ ಬಡಿದು, ಪರದೇಶದ ಗುರುತುಗಳನ್ನು ಅದರ ಮೇಲೆ ಒತ್ತಿದರು. ಹಾಗಾಗಿ ಫಿರಂಗಿ ಎನ್ನುವುದು ಅಲಗಿನ ಊರನ್ನು ಹೇಳುವುದಕ್ಕಿಂತ ಹೆಚ್ಚಾಗಿ ಕತ್ತಿಯ ರೂಪವನ್ನು ಹೇಳುವ ಹೆಸರು.

ಉಕ್ಕು ಹುಟ್ಟಿದ ನಾಡಿನವರು ಹೊರಗಿನ ಅಲಗನ್ನು ಏಕೆ ಕೊಂಡರು?

ಕೇಳಲೇಬೇಕಾದ ಪ್ರಶ್ನೆ. ಇಂಗ್ಲಿಷರು 18ನೆಯ ಶತಮಾನದ ಕೊನೆಯಲ್ಲಿ ‘ವೂಟ್ಜ್’ ಎಂದು ಬರೆದುಕೊಂಡು ಹೋದ ಪದ ನಮ್ಮ ‘ಉಕ್ಕು’ ಎಂಬುದರ ರೂಪಾಂತರ. ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಸೌದೆಯ ಚೂರುಗಳನ್ನೂ ಎಲೆಗಳನ್ನೂ ಹಾಕಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಿ ತೆಗೆಯುತ್ತಿದ್ದ ಆ ಉಕ್ಕನ್ನು ಕೊಳ್ಳಲು ಪರ್ಷಿಯಾದ ವರ್ತಕರು ತೆಲಂಗಾಣದ ಕೋನಸಮುದ್ರಂವರೆಗೆ ಬರುತ್ತಿದ್ದರು. ಅಂಥ ನಾಡಿಗೆ ಹೊರಗಿನ ಅಲಗು ಬೇಕಾಯಿತೆಂದರೆ ಅಭಿಮಾನಕ್ಕೆ ಪೆಟ್ಟು ಬಿದ್ದಂತೆ ಅನ್ನಿಸುವುದು ನಿಜ.

ಕಾರಣ ಕೆಲಸದೊಳಗೇ ಇದೆ. ಮೂಸೆಯಿಂದ ಬರುವುದು ಚಿಕ್ಕ ಚಿಕ್ಕ ಗಟ್ಟಿಗಳು. ಅದರಲ್ಲಿ ಇಂಗಾಲದ ಪಾಲು ಹೆಚ್ಚು. ಅಂಥ ಉಕ್ಕು ಬಾಯಿ ಹಿಡಿದರೆ ಕೂದಲು ಸೀಳುವಷ್ಟು ಹರಿತ, ಆದರೆ ಕಾವು ಸ್ವಲ್ಪ ಹೆಚ್ಚಾದರೂ ಬಡಿಯುವಾಗ ಪುಡಿಯಾಗುತ್ತದೆ. ಮೋಟಾದ, ಬಾಗಿದ, ಎಳೆದು ಕೊಯ್ಯುವ ಕತ್ತಿಗೆ ಅದು ಹೇಳಿ ಮಾಡಿಸಿದ ಲೋಹ. ಎರಡು ಮೊಳ ಉದ್ದದ, ತೆಳ್ಳಗಿನ, ಬಾಗಿಸಿದರೆ ಬಳುಕಿ ಮತ್ತೆ ನೆಟ್ಟಗಾಗುವ ಅಲಗು ಮಾಡುವುದು ಅದರಲ್ಲಿ ಕಷ್ಟ. ಸೋಲಿಂಗೆನ್ನಿನಲ್ಲಿ ಹೊಳೆಯ ನೀರಿನಿಂದ ತಿರುಗುವ ಯಂತ್ರಗಳ ನೆರವಿನಿಂದ ಅಂಥ ಅಲಗುಗಳು ರಾಶಿ ರಾಶಿಯಾಗಿ ತಯಾರಾಗುತ್ತಿದ್ದವು. ಕುದುರೆಯ ಮೇಲೆ ಕುಳಿತವನಿಗೆ ಬೇಕಾದದ್ದು ಉದ್ದ ಮತ್ತು ಬಳುಕು. ಎದುರಾಳಿಯ ಲೋಹದ ಅಂಗಿಗೆ ತಗುಲಿದ ಕತ್ತಿ ತುಂಡಾದರೆ ಅವನ ಕಥೆ ಅಲ್ಲಿಗೇ ಮುಗಿಯಿತು. ನಮ್ಮ ಉಕ್ಕು ಕೀಳಾಗಿತ್ತು ಎನ್ನುವವರೂ ತಪ್ಪು, ಹೊರಗಿನದು ಬೇಕಿರಲಿಲ್ಲ ಎನ್ನುವವರೂ ತಪ್ಪು. ಒಂದೊಂದು ಲೋಹ ಒಂದೊಂದು ಕೆಲಸಕ್ಕೆ ಒದಗಿತು.

ನಮ್ಮ ಜಿಲ್ಲೆಯ ಬಂದರುಗಳಿಗೂ ಈ ಕತ್ತಿಗೂ ಏನು ಸಂಬಂಧ?

ನಕಾಶೆ ಮುಂದಿಟ್ಟುಕೊಂಡು ಓದಿ. ವಾಸ್ಕೊ ಡ ಗಾಮಾ 1498ರಲ್ಲಿ ಊರಿಗೆ ಮರಳುವ ಮುನ್ನ ಹಡಗು ದುರಸ್ತಿ ಮಾಡಿಸಿಕೊಂಡದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇದಾ ಅಲ್ಲಿ ಕೋಟೆ ಕಟ್ಟಿದ. ಅದೇ ವರ್ಷ ಹೊನ್ನಾವರದ ಮೇಲೆ ಬೆಂಕಿ ಸುರಿದ. 1510ರಲ್ಲಿ ಗೋವೆಯ ಮೇಲೆ ದಾಳಿ ಮಾಡುವಂತೆ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನ ಕಿವಿಯಲ್ಲಿ ಹೇಳಿದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದರು. ಕಡಲ ಮೇಲೆ ಸ್ವಂತ ಹಡಗುಪಡೆ ಇಟ್ಟುಕೊಂಡಿದ್ದ ಅವನಿಲ್ಲದೆ ಗೋವೆಯ ಇತಿಹಾಸ ಬೇರೆಯೇ ಆಗುತ್ತಿತ್ತೇನೋ.

ವಿಜಯನಗರಕ್ಕೆ ಬೇಕಾಗಿದ್ದದ್ದು ಕುದುರೆ. ಹೊರ್ಮುಜ್, ಅರಬ್ ನಾಡುಗಳ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಕುದುರೆಯ ಜೊತೆ ಸವಾರನ ಆಯುಧವೂ ಬದಲಾಗುವುದು ಸಹಜ. ಇಲ್ಲಿಂದ ಹೊರಹೋಗುತ್ತಿದ್ದದ್ದು ಅಕ್ಕಿ, ಸಕ್ಕರೆ, ಕಾಳುಮೆಣಸು ಮತ್ತು ಕಬ್ಬಿಣ. 16ನೆಯ ಶತಮಾನದ ಮೊದಲಲ್ಲಿ ಭಟ್ಕಳವನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಹಡಗಿಗೇರುವ ಸರಕುಗಳಲ್ಲಿ ಕಬ್ಬಿಣವನ್ನೂ ಹೆಸರಿಸುತ್ತಾನೆ. 1547ರಲ್ಲಿ ವಿಜಯನಗರದ ಸದಾಶಿವರಾಯನಿಗೂ ಗೋವೆಯ ಗವರ್ನರ್ ಜೊವಾವ್ ದ ಕಾಸ್ತ್ರೊನಿಗೂ ನಡುವೆ ಆದ ಒಪ್ಪಂದದಲ್ಲಿ ಅಂಕೋಲಾ, ಹೊನ್ನಾವರಗಳ ಹೆಸರು ಬರುತ್ತದೆ. ಕುದುರೆಗಳೆಲ್ಲ ವಿಜಯನಗರಕ್ಕೆ, ವಿಜಯನಗರದ ಸರಕೆಲ್ಲ ಈ ಎರಡು ಬಂದರುಗಳ ಮೂಲಕ ಪೋರ್ಚುಗೀಸರಿಗೆ ಎಂಬುದು ಅದರ ತಿರುಳು. ಕಬ್ಬಿಣವೂ, ಕೋವಿಮದ್ದಿಗೆ ಬೇಕಾಗುವ ಪೆಟ್ಲುಪ್ಪೂ ಆ ಪಟ್ಟಿಯಲ್ಲಿವೆ.

ಘಟ್ಟದ ಮೇಲಿನ ಕಬ್ಬಿಣ ಇಳಿದು ಬಂದ ಅದೇ ಬಂದರಿಗೆ ಕಡಲಾಚೆಯ ಅಲಗು ಬಂದಿಳಿಯುತ್ತಿತ್ತು. ಈಗ ಅಂಕೋಲಾದ ತೀರದಲ್ಲಿ ನಿಂತರೆ ಮೀನಿನ ದೋಣಿಗಳಷ್ಟೇ ಕಾಣುತ್ತವೆ. ಆದರೂ ಅಲ್ಲಿ ನಿಂತಾಗ ನನಗೆ ಆ ಒಪ್ಪಂದವೇ ನೆನಪಿಗೆ ಬರುತ್ತದೆ.

ಮುಂದೆ 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿ ಪೋರ್ಚುಗೀಸರ ಜೊತೆ ವ್ಯಾಪಾರವನ್ನೂ ಮಾಡಿದಳು, ಕಾದಾಟವನ್ನೂ ಮಾಡಿದಳು. ಕಾಳುಮೆಣಸಿನ ರಾಣಿ ಎಂದು ಅವಳನ್ನು ಕರೆದವರು ಅವರೇ. ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದರು. ಶಿರಸಿ ಬಳಿಯ ಸೋಂದೆಯ ಅರಸರು 1715ರಲ್ಲಿ ಕಾಳಿ ನದಿಯ ಅಳಿವೆಯ ಮೇಲೆ ಸದಾಶಿವಗಡ ಕಟ್ಟಿದರು. ಫಿರಂಗಿ ಕತ್ತಿಯ ಬಾಳಿಕೆ 16ರಿಂದ 18ನೆಯ ಶತಮಾನ ಎಂದುಕೊಂಡರೆ, ಈ ಎಲ್ಲ ಹೆಸರುಗಳೂ ಅದರ ಒಳಗೇ ಬರುತ್ತವೆ.

ಬನವಾಸಿಯ ವೀರಗಲ್ಲುಗಳಲ್ಲಿ ಕಾಣುವ ಕತ್ತಿ ಇದೇ ಏನು?

ಅಲ್ಲ. ಮಧುಕೇಶ್ವರ ದೇವಾಲಯದ ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳನ್ನು ಹತ್ತಿರದಿಂದ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಕೆಳಗಿನ ವೀರನ ಕೈಯ ಕತ್ತಿ ಮೋಟು, ಅಗಲ. ಹಿಡಿಕೆಯಲ್ಲಿ ಬೆರಳು ಮುಚ್ಚುವ ಪಟ್ಟಿ ಇರುವುದಿಲ್ಲ. ಹಳಗನ್ನಡದಲ್ಲಿ ಬಾಳ್ ಎಂದು ಕರೆದದ್ದು ಇಂಥದ್ದನ್ನು. ಕರವಾಳ, ಕೂರಸಿ, ಖಂಡೆಯ ಎಂದು ಅದಕ್ಕೆ ಎಷ್ಟೆಲ್ಲ ಹೆಸರು.

ಬನವಾಸಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನದಲ್ಲಿ ಕದಂಬ ಮನೆತನದ ಹುಟ್ಟನ್ನು ಕವಿ ಕುಬ್ಜ ಸಂಸ್ಕೃತದಲ್ಲಿ ವರ್ಣಿಸುತ್ತಾನೆ. ಕಂಚಿಗೆ ಓದಲು ಹೋದ ಮಯೂರಶರ್ಮನಿಗೆ ಪಲ್ಲವರ ಕುದುರೆಸವಾರನೊಬ್ಬನ ಜೊತೆ ಜಗಳವಾಗುತ್ತದೆ. ದರ್ಭೆ, ಸಮಿಧೆ, ತುಪ್ಪದ ಸೌಟು ಹಿಡಿದು ಪಳಗಿದ ಕೈ ಆಗ ಹೊಳೆಯುವ ಶಸ್ತ್ರವನ್ನು ಹಿರಿಯುತ್ತದೆ. 4ನೆಯ ಶತಮಾನದ ಈ ಘಟನೆಯನ್ನು ಕಲ್ಲಿನಲ್ಲಿ ಕೊರೆಸಿದವರು ಅವನ ವಂಶಜರು. ನಮ್ಮ ನಾಡಿನ ಮೊದಲ ರಾಜವಂಶದ ಕಥೆ ಒಂದು ಕೈ ಹಿಡಿದ ವಸ್ತು ಬದಲಾದ ಕಥೆ. ಕತ್ತಿಗೆ ಇದಕ್ಕಿಂತ ದೊಡ್ಡ ಸ್ಥಾನ ಕೊಟ್ಟ ಶಾಸನವನ್ನು ನಾನು ಓದಿಲ್ಲ. ಕಾರವಾರದ ನೌಕಾನೆಲೆಗೆ ಕದಂಬ ಎಂಬ ಹೆಸರಿಟ್ಟಿರುವುದು ಅದಕ್ಕಾಗಿಯೇ ನನಗೆ ತುಂಬ ಇಷ್ಟ.

ಖಂಡ, ತಲವಾರ್, ಪಟ್ಟಾ, ಫಿರಂಗಿ: ಬೇರೆಬೇರೆ ಎಂದು ಗುರುತಿಸುವುದು ಹೇಗೆ?

ಖಂಡದ ಅಲಗು ನೇರ, ತುದಿಯ ಕಡೆಗೆ ಅಗಲವಾಗುತ್ತ ಹೋಗುತ್ತದೆ. ಕಡಿಯುವುದೇ ಅದರ ಕೆಲಸ. ತಲವಾರ್ ಬಾಗಿದ್ದು. ಪಟ್ಟಾದಲ್ಲಿ ಹಿಡಿಕೆಯೇ ಮೊಳಕೈವರೆಗೆ ಬರುವ ಕಬ್ಬಿಣದ ಕೈಗವಸು. ಒಳಗೆ ಅಡ್ಡಪಟ್ಟಿ ಹಿಡಿದು ಬೀಸಬೇಕು. ಅದಕ್ಕೂ ಎಷ್ಟೋ ಸಲ ಯುರೋಪಿನ ಅಲಗೇ ಇರುತ್ತಿತ್ತು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ದಾಂಡಪಟ್ಟಾವನ್ನು ರಾಜ್ಯದ ಆಯುಧವೆಂದು ಘೋಷಿಸಿತು. ಖಂಡದ ಹಿಡಿಕೆಗೆ ಕಡಲಾಚೆಯ ನೇರ ಅಲಗು, ಇಲ್ಲವೇ ಅದರಂಥದ್ದು, ಕೂಡಿದರೆ ಅದು ಫಿರಂಗಿ.

ಇನ್ನೊಂದು ಸಂಗತಿ. ಮುರಿದ ಫಿರಂಗಿ ಅಲಗನ್ನು ಎಸೆಯುತ್ತಿರಲಿಲ್ಲ. ತುದಿಯ ತುಂಡಿಗೆ ಅಡ್ಡ ಹಿಡಿಕೆ ಹಾಕಿದರೆ ಕಟಾರಿ. ದಕ್ಷಿಣದ ಹಳೆಯ ಕಟಾರಿಗಳಲ್ಲಿ ಹಲವಕ್ಕೆ ಇಂಥ ಅಲಗುಗಳೇ ಇವೆ.

ಅಲಗಿನ ಮೇಲಿನ ತೋಡು ರಕ್ತ ಹರಿದುಹೋಗಲೆಂದು ಮಾಡಿದ್ದೇ?

ಅಲ್ಲವೇ ಅಲ್ಲ. ತೋಡು ತೆಗೆದರೆ ಅಲಗಿನ ತೂಕ ಇಳಿಯುತ್ತದೆ, ಬಿಗುವು ಉಳಿಯುತ್ತದೆ. ಅಷ್ಟೇ.

ಶಿವಾಜಿಯ ಭವಾನಿ ಕತ್ತಿ ಫಿರಂಗಿಯೇ?

ಆ ಕತ್ತಿ ಕೊಂಕಣದ ಸಾವಂತರಿಂದ ಬಂದದ್ದು, ಅದರ ಅಲಗು ಪೋರ್ಚುಗೀಸರ ಕಡೆಯದು ಎಂಬ ಮಾತು ಪರಂಪರೆಯಲ್ಲಿ ಬಲವಾಗಿದೆ. ಇಂದು ಲಂಡನ್ನಿನ ರಾಜಮನೆತನದ ಸಂಗ್ರಹದಲ್ಲಿರುವ ‘ಜಗದಂಬಾ’ ಬೇರೆ ಕತ್ತಿ. ಅದನ್ನು ಕೊಲ್ಹಾಪುರದ ದೊರೆ ನಾಲ್ಕನೆಯ ಶಿವಾಜಿ 1875ರಲ್ಲಿ ಭಾರತಕ್ಕೆ ಬಂದ ವೇಲ್ಸ್ ರಾಜಕುಮಾರನಿಗೆ ಕೊಟ್ಟ. ಅದರದು ಐರೋಪ್ಯ ಅಲಗು. ಎರಡನ್ನೂ ಒಂದೇ ಎಂದುಕೊಂಡು ವಾದಿಸುವವರನ್ನು ನಾನು ಬಸ್ಸಿನಲ್ಲಿಯೂ ಕಂಡಿದ್ದೇನೆ.

ನಮ್ಮ ಜಿಲ್ಲೆಗೂ ಶಿವಾಜಿ ಬಂದದ್ದುಂಟು. 1665ರ ಫೆಬ್ರವರಿಯಲ್ಲಿ ಕಡಲ ಮೂಲಕ ಬಸ್ರೂರಿನ ಮೇಲೆ ದಾಳಿ ಮಾಡಿ, ಹಿಂತಿರುಗುವಾಗ ಗೋಕರ್ಣದಲ್ಲಿ ಇಳಿದು, ಅಂಕೋಲಾ ಹಾದು ಕಾರವಾರಕ್ಕೆ ಬಂದ. ಪಟ್ಟಣವನ್ನು ಸುಡದಿರಲು ಇಲ್ಲಿಯ ವರ್ತಕರು ಹಣ ಕೂಡಿಸಿ ಕೊಟ್ಟರು. ಇಂಗ್ಲಿಷ್ ಕೋಠಿಯವರೂ ತಮ್ಮ ಪಾಲು ತೆತ್ತರು.

ಹಬ್ಬ, ಮದುವೆ, ಯಕ್ಷಗಾನಗಳಲ್ಲಿ ಕತ್ತಿಯ ಸ್ಥಾನವೇನು?

ಮಹಾನವಮಿಯ ಆಯುಧಪೂಜೆಯ ದಿನ ನಮ್ಮಲ್ಲಿ ಮೆಟ್ಟುಗತ್ತಿ, ಕುಡುಗೋಲು, ಕೊಡಲಿ, ಗುದ್ದಲಿ, ಈಗ ಬೈಕು, ಕಾರು ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಹಳೆಯ ಕತ್ತಿ ಇರುವ ಮನೆಯಲ್ಲಿ ಅದಕ್ಕೆ ಮೊದಲ ಮಣೆ. ಅಜ್ಜಿಯ ಮನೆಯಲ್ಲಿ ಆ ದಿನ ತೋಟದ ಕತ್ತಿಯನ್ನೂ ಫಿರಂಗಿಯನ್ನೂ ಒಂದೇ ಬಾಳೆಎಲೆಯ ಮೇಲೆ ಇಡುತ್ತಿದ್ದರು. ಅನ್ನ ಕೊಡುವುದೂ ಕಾಯುವುದೂ ಅಕ್ಕಪಕ್ಕ ಮಲಗಿರುತ್ತಿದ್ದವು. ಆ ದಿನ ಯಾವ ಕತ್ತಿಯಿಂದಲೂ ಏನನ್ನೂ ಕೊಯ್ಯುವಂತಿರಲಿಲ್ಲ. ಪಲ್ಯದ ತರಕಾರಿ ಹಿಂದಿನ ದಿನವೇ ಹೆಚ್ಚಿಟ್ಟದ್ದು.

ಮದುವೆಯಲ್ಲಿ ಹಲವು ಸಮುದಾಯಗಳ ಮದುಮಗ ಕೈಯಲ್ಲಿ ಕಟಾರಿಯೋ ಬಾಕುವೋ ಹಿಡಿಯುತ್ತಾನೆ. ಅದರ ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ. ದೃಷ್ಟಿಗೆ ಎನ್ನುತ್ತಾರೆ ಹಿರಿಯರು. ಮರಾಠಾ ಸರದಾರ ಮನೆತನಗಳಲ್ಲಿ ವರ ಬರಲಾಗದಿದ್ದರೆ ಅವನ ಕತ್ತಿಯನ್ನೇ ಕಳಿಸಿ ಮದುವೆ ನಡೆಸುವ ಪದ್ಧತಿಯಿತ್ತು. ಅದಕ್ಕೆ ಖಾಂಡಾ ಮದುವೆ ಎಂದೇ ಹೆಸರು. ಕತ್ತಿ ಅವನ ಪರವಾಗಿ ನಿಲ್ಲುತ್ತಿತ್ತು.

ಶಿರಸಿಯ ಮಾರಿಕಾಂಬೆ 1689ರಲ್ಲಿ ನೆಲೆನಿಂತ ದೇವಿ. ಎಂಟು ಕೈಗಳ ಆ ಮೂರ್ತಿ ರಾಕ್ಷಸನನ್ನು ಕೊಲ್ಲುವ ಭಂಗಿಯಲ್ಲಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಕೋಣ ಕಡಿಯುವ ಪದ್ಧತಿ ಹಿಂದೆ ಇತ್ತು. ಗಾಂಧೀಜಿಯ ಹರಿಜನ ಯಾತ್ರೆಯ ಕಾಲದಲ್ಲಿ, 1930ರ ದಶಕದಲ್ಲಿ, ಊರಿನವರೇ ಮುಂದಾಗಿ ಅದನ್ನು ನಿಲ್ಲಿಸಿದರು. ದೇವಿಯ ಕೈಯ ಆಯುಧ ಹಾಗೆಯೇ ಉಳಿಯಿತು, ಮನುಷ್ಯರ ಕೈಯದು ಕೆಳಗಿಳಿಯಿತು. ನಮ್ಮ ಜಿಲ್ಲೆಯ ಬಗ್ಗೆ ನನಗೆ ಹೆಮ್ಮೆ ಮೂಡಿಸುವ ನಿರ್ಧಾರಗಳಲ್ಲಿ ಅದೂ ಒಂದು.

ಯಕ್ಷಗಾನದ ಕತ್ತಿ ಕಟ್ಟಿಗೆಯದು, ಮೇಲೆ ಬೇಗಡೆ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಆಟವನ್ನಾಗಲಿ, ಬಡಗುತಿಟ್ಟಿನ ಬೇರೆ ಮೇಳದ ಆಟವನ್ನಾಗಲಿ ನೋಡುವಾಗ ಒಂದನ್ನು ಗಮನಿಸಿ. ವೇಷಧಾರಿ ಕತ್ತಿಯನ್ನು ಎದುರಾಳಿಗೆ ತಗುಲಿಸುವುದಿಲ್ಲ. ಚೆಂಡೆಯ ಪೆಟ್ಟೇ ಕತ್ತಿಯ ಪೆಟ್ಟು. ಕಾಲಿನ ಗೆಜ್ಜೆ ಆ ಪೆಟ್ಟನ್ನು ಎಣಿಸುತ್ತದೆ. ಕಬ್ಬಿಣದ ಕತ್ತಿಯಿಂದ ಇದು ಸಾಧ್ಯವಾಗುತ್ತಿರಲಿಲ್ಲ.

ಗಡಿಯಾಚೆ ಗೋವೆಯಲ್ಲಿ ಶಿಗ್ಮೋ ಹಬ್ಬದ ಘೋಡೆಮೋಡ್ನಿ ಕುಣಿತದವರು ಸೊಂಟಕ್ಕೆ ಕಟ್ಟಿಗೆಯ ಕುದುರೆ ಕಟ್ಟಿಕೊಂಡು, ಬಲಗೈಯಲ್ಲಿ ಕತ್ತಿ ಎತ್ತಿ ಕುಣಿಯುತ್ತಾರೆ. ಕುದುರೆ ಸವಾರ ಮತ್ತು ಕತ್ತಿಯ ನಂಟು ಅಲ್ಲಿ ಕುಣಿತವಾಗಿ ಉಳಿದಿದೆ.

ಬಳಕೆ ಯಾವಾಗ ನಿಂತಿತು?

ಬಂದೂಕು ಹಗುರವಾಗುತ್ತ, ಬೇಗ ತುಂಬುವಂತಾಗುತ್ತ ಬಂದ ಹಾಗೆ ಕತ್ತಿ ಹಿಂದೆ ಸರಿಯಿತು. 1763ರ ಸುಮಾರಿಗೆ ಹೈದರನ ಸೈನ್ಯ ಸೋಂದೆಯನ್ನು ಹಿಡಿದಾಗ ಅಲ್ಲಿಯ ಅರಸ ಗೋವೆಗೆ ಹೋಗಿ ನೆಲೆಸಿದ. 1799ರಲ್ಲಿ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕೊನೆಯ ಪೆಟ್ಟು ಕೊಟ್ಟದ್ದು 1857ರಲ್ಲಿ ಶುರುವಾದ ನಿಶ್ಶಸ್ತ್ರೀಕರಣ. ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ದಂಗೆ ಎದ್ದದ್ದು ಆ ವರ್ಷವೇ. 1878ರ ಆಯುಧ ಕಾಯ್ದೆಯ ಹೊತ್ತಿಗೆ ಮನೆಗಳಲ್ಲಿ ಉಳಿದದ್ದು ಅಟ್ಟದ ಮೇಲಿನವು, ದೇವರ ಪಕ್ಕದವು. ಉಳಿದವು ಕುಲುಮೆಗೆ ಹೋಗಿ ಕುಡುಗೋಲಾದವು.

ಮನೆಯಲ್ಲಿ ಹಳೆಯ ಕತ್ತಿ ಇದೆ. ಫಿರಂಗಿಯೇ ಎಂದು ತಿಳಿಯುವುದು ಹೇಗೆ?

ಮೊದಲು ಹಿಡಿಕೆಯ ಹತ್ತಿರದ ಒಂದು ಗೇಣು ಅಲಗನ್ನು ಹಗಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಗುರುತುಗಳು ಇರುವುದು ಅಲ್ಲಿಯೇ. ಓಡುವ ತೋಳದ ಒರಟು ಗೆರೆಚಿತ್ರ ಪಸ್ಸಾವ್ ಮತ್ತು ಸೋಲಿಂಗೆನ್ನಿನದು. ಹಲ್ಲುಹಲ್ಲಾದ ಜೋಡಿ ಅರ್ಧಚಂದ್ರ ಜಿನೋವಾದ್ದು. ಶಿಲುಬೆ ಹೊತ್ತ ಗೋಳ, ರೋಮನ್ ಅಕ್ಷರಗಳು ಕೂಡ ಸಿಗುತ್ತವೆ. ಆದರೆ ಈ ಗುರುತುಗಳನ್ನು ಯುರೋಪಿನಲ್ಲಿಯೇ ಒಬ್ಬರದನ್ನು ಒಬ್ಬರು ನಕಲು ಮಾಡಿದರು, ನಮ್ಮವರೂ ಮಾಡಿದರು. ಗುರುತು ಸಿಕ್ಕ ಮಾತ್ರಕ್ಕೆ ಅಲಗು ಅಲ್ಲಿಯದೇ ಎಂದು ತೀರ್ಮಾನಿಸಬೇಡಿ.

ಅಲಗಿನ ಮೈಮೇಲೆ ನೀರಿನ ಅಲೆಯಂಥ ಗೆರೆಗಳು ಕಂಡರೆ ಅದು ಮೂಸೆ ಉಕ್ಕು, ಅಂದರೆ ಅಲಗು ಈ ಕಡೆಯದು. ಹಿಡಿಕೆಯಲ್ಲಿ ಸ್ಕ್ರೂ ಕಂಡರೆ, ಅಲಗಿಗೆ ಕನ್ನಡಿಯ ಹೊಳಪಿದ್ದರೆ, ಎತ್ತಿದಾಗ ತಲೆಭಾರವಾಗಿ ಕೈ ಜಗ್ಗಿದರೆ ಅದು ಗೋಡೆಗೆ ತೂಗುಹಾಕಲು ಈಚೆಗೆ ಮಾಡಿದ್ದು. ನಿಜವಾದ ಫಿರಂಗಿ ಉದ್ದ ನೋಡಿ ಹೆದರಿದವರ ಕೈಗೂ ಅಚ್ಚರಿಯಾಗುವಷ್ಟು ಹಗುರ ಅನ್ನಿಸುತ್ತದೆ. ಭಾರ ಹಿಡಿಕೆಯ ಕಡೆಗೇ ಕೂಡಿರುತ್ತದೆ.

ತುಕ್ಕು ತೆಗೆಯುವುದು ಹೇಗೆ?

ಇದನ್ನು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕಾಲೇಜಿಗೆ ಹೋಗುತ್ತಿದ್ದ ವಯಸ್ಸಿನಲ್ಲಿ, ಒಂದು ಮಹಾನವಮಿಯ ಹಿಂದಿನ ದಿನ, ಅಜ್ಜಿಯ ಕತ್ತಿಯನ್ನು ಫಳಫಳ ಹೊಳೆಯಿಸಬೇಕೆಂದು ಹುಣಿಸೆಹಣ್ಣು ಹಚ್ಚಿ, ಮರಳು ಕಾಗದದಿಂದ ಉಜ್ಜಿದೆ. ಒಂದು ಮಗ್ಗುಲಿನ ಅರ್ಧಚಂದ್ರ ಅಳಿಸಿಹೋಯಿತು. ಮುನ್ನೂರು ವರ್ಷ ಉಪ್ಪುಗಾಳಿಯನ್ನೂ ಮಳೆಯನ್ನೂ ತಾಳಿಕೊಂಡ ಗುರುತು ಅರ್ಧ ಗಂಟೆ ತಾಳಲಿಲ್ಲ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹಾಗಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಹುಣಿಸೆ, ನಿಂಬೆ, ಬೂದಿ, ಇಟ್ಟಿಗೆ ಪುಡಿ, ಮರಳು ಕಾಗದ, ಗ್ರೈಂಡರ್ ಯಾವುದೂ ಬೇಡ. ಸಾಣೆ ಹಿಡಿಸಬೇಡಿ. ಕಪ್ಪುಕಂದು ಬಣ್ಣದ ಗಟ್ಟಿ ಪದರವನ್ನು ಹಾಗೆಯೇ ಬಿಡಿ, ಅದು ಲೋಹವನ್ನು ಕಾಯುತ್ತದೆ. ಕೈಗೆ ಪುಡಿಯಾಗಿ ಬರುವ ಕೆಂಪು ತುಕ್ಕನ್ನು ಮಾತ್ರ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿದ ಮೆದು ಬಟ್ಟೆಯಿಂದ ನಿಧಾನವಾಗಿ ಒರೆಸಿ. ತೆಂಗಿನೆಣ್ಣೆ ಬೇಡ. ಅದು ಜಿಡ್ಡುಗಟ್ಟಿ ತೇವ ಹಿಡಿಯುತ್ತದೆ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪು ಸಾಕು ಹೊಸ ತುಕ್ಕಿಗೆ. ಬಿಸಿನೀರಿನಲ್ಲಿ ಅದ್ದುವುದಂತೂ ಬೇಡವೇ ಬೇಡ. ಎಷ್ಟೋ ಹಿಡಿಕೆಗಳ ಒಳಗೆ ಅರಗು ತುಂಬಿರುತ್ತಾರೆ, ಕರಗಿದರೆ ಅಲಗು ಸಡಿಲವಾಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಕತ್ತಿಯನ್ನು ಒರೆಯೊಳಗೆ ಇಡಬೇಡಿ. ಚರ್ಮವೂ ಕಟ್ಟಿಗೆಯೂ ತೇವ ಹೀರಿ ಅಲಗಿಗೆ ಕೊಡುತ್ತವೆ. ಎಣ್ಣೆ ಸವರಿ, ಒಣ ಹತ್ತಿಬಟ್ಟೆ ಸುತ್ತಿ, ಗೋಡೆಗೆ ತಾಗದಂತೆ ಎತ್ತರದಲ್ಲಿಡಿ. ಒರೆಯನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ.

ಪೂಜೆ ಬಿಡಬೇಕೇ ಎಂದು ಕೇಳುತ್ತಾರೆ. ಖಂಡಿತ ಬೇಡ. ಒದ್ದೆ ಕುಂಕುಮ, ಅರಿಸಿನ ಅಲಗಿಗೆ ಹಚ್ಚುವ ಬದಲು ಅಲಗಿನ ಮೇಲೆ ವೀಳ್ಯದೆಲೆ ಇಟ್ಟು ಅದರ ಮೇಲೆ ಹಚ್ಚಿ. ಪೂಜೆಯಾದ ಮೇಲೆ ಎಲೆ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ನಮ್ಮ ಮನೆಯಲ್ಲಿ ಈಗ ಹೀಗೆಯೇ ನಡೆಯುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇದೆಯೇ?

1959ರ ಆಯುಧ ಕಾಯ್ದೆ ಕತ್ತಿಯನ್ನೂ ಆಯುಧ ಎಂದೇ ನೋಡುತ್ತದೆ. ಮನೆಗೆಲಸದ, ಕೃಷಿಯ ಉಪಕರಣಗಳು ಅದರ ಹೊರಗೆ. ಆದ್ದರಿಂದ ಮೆಟ್ಟುಗತ್ತಿಗೆ ಚಿಂತೆಯಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಕತ್ತಿ ಇಟ್ಟುಕೊಳ್ಳಲು ಪರವಾನಗಿ ಬೇಕಾಗುತ್ತದೆ. ನಿಮ್ಮ ಠಾಣೆಯಲ್ಲೋ ಜಿಲ್ಲಾಧಿಕಾರಿ ಕಚೇರಿಯಲ್ಲೋ ವಿಚಾರಿಸಿ, ಬರಹದಲ್ಲಿ ಉತ್ತರ ಪಡೆಯಿರಿ. ಮೆರವಣಿಗೆಯಲ್ಲಿ ಝಳಪಿಸುವುದು, ಹಿಡಿದುಕೊಂಡ ಫೋಟೊ ಮೊಬೈಲಿನಲ್ಲಿ ಹಂಚುವುದು ತೊಂದರೆಗೆ ದಾರಿ. ಅಲ್ಲದೆ ಅದು ಕತ್ತಿಗೆ ಮಾಡುವ ಅವಮಾನವೂ ಹೌದು.

ನೂರು ವರ್ಷ ದಾಟಿದ ಕತ್ತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ತೋಟ ಅಗೆಯುವಾಗಲೋ ಬಾವಿ ತೋಡುವಾಗಲೋ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಿ.

ಎಲ್ಲಿ ಹೋದರೆ ಹಳೆಯ ಕತ್ತಿಗಳನ್ನು ನೋಡಬಹುದು?

ಶಿರಸಿ, ಸಿದ್ದಾಪುರದವರಿಗೆ ಹತ್ತಿರದ್ದು ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯ. ಹೈದರಾಬಾದಿನ ಸಾಲಾರ್ ಜಂಗ್ ಮತ್ತು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಗಳಲ್ಲಿ ಆಯುಧಗಳಿಗೆಂದೇ ವಿಭಾಗಗಳಿವೆ. ಹೋದಾಗ ಅಲಗಿಗಿಂತ ಮೊದಲು ಹಿಡಿಕೆ ಮತ್ತು ಅಲಗು ಕೂಡುವ ಜಾಗವನ್ನು ನೋಡಿ.

ಇಟ್ಟುಕೊಳ್ಳಲು ಯಾರಿಗೂ ಆಸಕ್ತಿಯಿಲ್ಲ. ಗುಜರಿಗೆ ಹಾಕಬಹುದೇ?

ದಯವಿಟ್ಟು ಬೇಡ. ಗುಜರಿಯಲ್ಲಿ ಅದು ಕಿಲೋ ಲೆಕ್ಕದ ಕಬ್ಬಿಣ. ರಾಜ್ಯ ಪುರಾತತ್ವ ಇಲಾಖೆಗೋ, ಹತ್ತಿರದ ವಸ್ತುಸಂಗ್ರಹಾಲಯಕ್ಕೋ ಬರೆದು ಒಪ್ಪಿಸಿ, ರಸೀದಿ ಪಡೆಯಿರಿ. ಕೊಡುವ ಮೊದಲು ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಕತ್ತಿ ಯಾರ ಕಾಲದಿಂದ ಇದೆ, ಯಾವ ಹೆಸರಿನಿಂದ ಕರೆಯುತ್ತಿದ್ದರು, ಯಾವ ದಿನ ಇಳಿಸುತ್ತಿದ್ದರು, ಯಾರು ಮುಟ್ಟಬಹುದಿತ್ತು, ಯಾರು ಮುಟ್ಟಬಾರದಿತ್ತು ಎಂಬುದನ್ನೆಲ್ಲ ಬರೆದುಕೊಳ್ಳಿ. ಅಳತೆ, ಎರಡೂ ಮಗ್ಗುಲಿನ ಫೋಟೊ, ಗುರುತುಗಳ ಹತ್ತಿರದ ಫೋಟೊ ಅದರ ಜೊತೆಗಿರಲಿ. ವಸ್ತುಸಂಗ್ರಹಾಲಯದವರಿಗೆ ಅಲಗಿನ ಊರು ಗೊತ್ತಾಗುತ್ತದೆ, ನಿಮ್ಮ ಅಜ್ಜಿ ಅದನ್ನು ಏನೆಂದು ಕರೆದಳು ಎಂಬುದು ನೀವು ಹೇಳದೆ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಕತ್ತಿ ಇನ್ನೂ ನಮ್ಮಲ್ಲಿಯೇ ಇದೆ. ಉಳಿದ ಒಂದು ಅರ್ಧಚಂದ್ರದ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ ಅಚ್ಚು ತೆಗೆದಿದ್ದೇನೆ. ಅದರ ಕೆಳಗೆ ಅಜ್ಜಿಯ ಹೆಸರು, ಊರು, ತಾರೀಖು ಬರೆದು ಕಡತದಲ್ಲಿಟ್ಟಿದ್ದೇನೆ.